ಚದುರಂಗದ ಸುಲ್ತಾನ್ ಖಾನ್

ಚದುರಂಗದಲ್ಲಿ ಮೊದಲ ಹತ್ತು ನಡೆಗಳು ಬಲು ಅಪಾಯದವು. ಎದುರಾಳಿಯು ಬೇಕೆಂದೇ ಒಂದು ಕಾಯಿಯನ್ನು ಬಿಟ್ಟುಕೊಡುವನು. ಆಶೆಪಟ್ಟು ಅದನ್ನು ಹೊಡೆದವನ ರಾಜನು ನಾಲ್ಕಾರು ನಡೆಗಳಲ್ಲಿ ಸೆರೆಯಾಗುವನು. ಪಾಶ್ಚಾತ್ಯರು ಇಂಥ ಬಲೆಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟು ಅಭ್ಯಸಿಸಿದ್ದರು. ಆ ಪುಸ್ತಕವಿದ್ಯೆಯ ಬಲವಿಲ್ಲದೆಯೇ ಅವರ ದೇಶದಲ್ಲಿ ಅವರನ್ನು ಗೆದ್ದ ಮೀರ್ ಸುಲ್ತಾನ್ ಖಾನರ ಜೀವಿತವನ್ನು ವಾಚಕರ ಮುಂದಿಡುತ್ತೇವೆ.

ಇವರು ಈಗ ಪಾಕಿಸ್ತಾನಕ್ಕೆ ಸೇರಿದ ಪಂಜಾಬಿನ ಹಳ್ಳಿಯವರು. ಬಾಲ್ಯದಲ್ಲಿ ತಂದೆಯಿಂದ ದೇಶೀ ಆಟವನ್ನು ಕಲಿತರು. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಸರಿಯುವುದು. ಪಾಶ್ಚಾತ್ಯ ಆಟದಲ್ಲಿ ಎರಡು ಮನೆ ಹಾರಬಹುದಾದುದರಿಂದ ಕಾಳಗವು ಬೇಗನೆ ಹತ್ತಿಕೊಳ್ಳುವುದು. ಬಲೆಗೂ ಅವಕಾಶ ಹೆಚ್ಚು.

ಜಮೀನುದಾರರಾದ ಸರ್ ಉಮರ್ ಹಯಾತ್ ಖಾನರು ಇವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಪಾಶ್ಚಾತ್ಯ ನಿಯಮಗಳನ್ನು ಕಲಿಸಿದರು. 1928ರಲ್ಲಿ ಅಖಿಲ ಭಾರತ ಸ್ಪರ್ಧೆಯನ್ನು ಗೆದ್ದ ಸುಲ್ತಾನ್ ಖಾನರು 1929ರಲ್ಲಿ ಯಜಮಾನರೊಡನೆ ಲಂಡನ್ನಿಗೆ ಹೋದರು. ಅಲ್ಲಿ ಅಭ್ಯಾಸಕ್ಕೆಂದು ಏರ್ಪಡಿಸಿದ ಚಿಕ್ಕ ಸ್ಪರ್ಧೆಯಲ್ಲಿ ಕಡೆಯ ಸ್ಥಾನವನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳಬೇಕಾಯಿತು. ಆದರೆ ಎದೆಗುಂದಲಿಲ್ಲ. ತಮ್ಮನ್ನು ಮೀರಿಸಿದ ವಿಂಟರ್ ಮತ್ತು ಯೇಟ್ಸ್ ಎಂಬ ಆಂಗ್ಲ ಪಟುಗಳ ಬಳಿಯಲ್ಲಿಯೇ ಕುಳಿತು ಅಭ್ಯಾಸ ಮಾಡಿದರು. ಅದೇ ವರ್ಷ ರ‍್ಯಾಮ್ಸ್‌ಗೇಟಿನಲ್ಲಿ ಬ್ರಿಟಿಷ್ ಚಾಂಪಿಯನ್ನರಾದರು! 1932 ಮತ್ತು 1933ರಲ್ಲಿ ಆ ಪದವಿಯು ಪುನಃ ಅವರದೇ ಆಯಿತು. 1930–31ರ ಹೇಸ್ಟಿಂಗ್ಸ್ ಸ್ಪರ್ಧೆಯಲ್ಲಿ ಮಾಜಿ ವಿಶ್ವವಿಜೇತ ಕಾಪಾಬ್ಲಾಂಕಾರನ್ನೂ ಸೋಲಿಸಿದರು.

ಆದರೂ ಆಟದ ಆರಂಭವೇ ಅವರ ದುರ್ಬಲ ಭಾಗವಾಗಿತ್ತು. ಆರಂಭದಲ್ಲಿ ಇಕ್ಕಟ್ಟಿಗೆ ಸಿಕ್ಕರೂ ತಾಳ್ಮೆಗೆಡದೆ ನಡುವಿನ ಮತ್ತು ಕೊನೆಯ ಆಟದಲ್ಲಿ ಗೆಲ್ಲುತ್ತಿದ್ದರು.

ಅಷ್ಟು ಶಕ್ತಿಯಿಲ್ಲದ ನಾವು ಮೊದಲೇ ಎಚ್ಚರದಿಂದಿರುವುದು ಲೇಸು. ರಾಜನ ಮಗ್ಗುಲಿನ ಒಂಟೆಯ ಮುಂದಿರುವ ಕಾಲಾಳಿಗೆ ಆರಂಭದಲ್ಲಿ ರಾಜನೊಬ್ಬನೇ ಕಾವಲು. ಎದುರಾಳಿಯ ಒಂಟೆ ಮತ್ತು ಮಂತ್ರಿ ಎರಡೂ ಅದರ ಮೇಲೆ ಕಣ್ಣಿಟ್ಟರೆ ನಾಲ್ಕನೆಯ ನಡೆಗೇ ಆಟ ಮುಗಿಯಬಹುದು. ಕೂಡಲೇ ಇನ್ನೊಂದು ಕಾಯಿಯನ್ನು ಕಾವಲಿಗಿಡಬೇಕು. ಕುದುರೆ, ಒಂಟೆಗಳನ್ನು ಮೊದಲು ಹೊರತಂದು ರಾಜನನ್ನು ಕೋಟೆ ಸೇರಿಸಬೇಕು. ಮಂತ್ರಿಯನ್ನು ಅವಸರದಿಂದ ಅಲೆಸಬಾರದು. ಪುಕ್ಕಟೆ ಸಿಕ್ಕ ಕಾಯಿಯನ್ನು ಮುಟ್ಟುವ ಮುನ್ನ ಅದನ್ನು ಏಕೆ ಬಿಟ್ಟನೆಂದು ಯೋಚಿಸಬೇಕು.

1933ರ ಕೊನೆಯಲ್ಲಿ ಸುಲ್ತಾನ್ ಖಾನರು ಯಜಮಾನರೊಡನೆ ಸ್ವದೇಶಕ್ಕೆ ಮರಳಿದರು. ಅಲ್ಲಿಗೆ ಅವರ ಅಂತರರಾಷ್ಟ್ರೀಯ ಆಟವು ಮುಗಿಯಿತು. 1966ರಲ್ಲಿ ಸರ್ಗೋಧಾದಲ್ಲಿ ನಿಧನರಾದರು. ವಿಶ್ವ ಚದುರಂಗ ಸಂಸ್ಥೆಯು ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಕೊಟ್ಟುದು 2024ರಲ್ಲಿ. ಪರರ ಆಶ್ರಯದಲ್ಲಿದ್ದವನು ಮಣೆಯ ಮುಂದೆ ಯಾರಿಗೂ ಕಡಿಮೆಯಲ್ಲವೆಂಬುದನ್ನು ಅವರು ಅದಕ್ಕೆ ಬಹಳ ಮೊದಲೇ ತೋರಿಸಿಕೊಟ್ಟಿದ್ದರು.