ಮನಸ್ಸು ಓದುತ್ತಿದ್ದ ಆನೆಮನ್

ಒಂದು ಪ್ಯಾಕ್ ಇಸ್ಪೀಟು ತಗೊಂಡು ರೂಮ್‌ಮೇಟ್ ಕೈಗೆ ಕೊಡಿ. ಎಷ್ಟು ಬೇಕಾದರೂ ಕಲಸಲಿ. ಆಮೇಲೆ ಅವನೇ ಎರಡೆರಡು ಎಲೆ ಎತ್ತಿ ಹಾಕುತ್ತಾ ಹೋಗಲಿ. ಎರಡೂ ಕೆಂಪು ಬಂದರೆ ಒಂದು ರಾಶಿ, ಎರಡೂ ಕಪ್ಪು ಬಂದರೆ ಇನ್ನೊಂದು, ಒಂದೊಂದು ಬಣ್ಣ ಬಂದರೆ ಪಕ್ಕಕ್ಕೆ. ಕೊನೆಗೆ ಎಣಿಸಿದರೆ ಕೆಂಪು ರಾಶಿಯಲ್ಲಿ ಸರಿಯಾಗಿ ನಾಲ್ಕು ಎಲೆ ಜಾಸ್ತಿ. ನೀವು ಮೊದಲೇ ಚೀಟಿಯಲ್ಲಿ ಬರೆದಿಟ್ಟಿದ್ದೂ ಅದನ್ನೇ. ಇನ್ನೊಮ್ಮೆ ಆಡಿಸಿ. ಈ ಸಲದ ಚೀಟಿಯಲ್ಲಿ ಎರಡೂ ಸಮ ಅಂತ ಇದೆ, ಎಣಿಸಿದರೂ ಸಮ.

ಗುಟ್ಟು ಇಷ್ಟೇ: ಶುರುವಿಗೆ ಮುಂಚೆ ನಾಲ್ಕು ಕಪ್ಪು ಎಲೆ ತೆಗೆದಿಟ್ಟಿರಬೇಕು, ಎರಡನೇ ಆಟಕ್ಕೆ ಯಾರಿಗೂ ಗೊತ್ತಾಗದ ಹಾಗೆ ವಾಪಸ್ ಸೇರಿಸಬೇಕು. ಪಕ್ಕಕ್ಕೆ ಹೋದ ಜೋಡಿಗಳಲ್ಲಿ ಕೆಂಪು ಎಷ್ಟೋ ಕಪ್ಪೂ ಅಷ್ಟೇ ಇರೋದರಿಂದ ಮೊದಲಿದ್ದ ವ್ಯತ್ಯಾಸ ಕೊನೆಗೂ ಹಾಗೇ ಉಳಿಯುತ್ತದೆ. 26 ಕೆಂಪು, 22 ಕಪ್ಪು, ವ್ಯತ್ಯಾಸ 4. ಕಲಸೋದರಿಂದ ಏನೂ ಆಗಲ್ಲ. ಪ್ರಾಬಬಿಲಿಟಿ ಇಂಟರ್ನಲ್ಸ್ ಬರೆದು ಬಂದಿದ್ದ ನಾವು ಎರಡು ಪುಟ ಲೆಕ್ಕ ಮಾಡಿ ಆಮೇಲೆ ತಲೆ ಚಚ್ಚಿಕೊಂಡೆವು.

ಇದರ ಹೆಸರು ಮಿರಾಸ್ಕಿಲ್. ಕೆನಡಾದ ಸ್ಟೂವರ್ಟ್ ಜೇಮ್ಸ್ ಕಂಡುಹಿಡಿದದ್ದು. 1936ರಲ್ಲಿ ಅಚ್ಚಾದದ್ದು ಅಮೆರಿಕದ ‘ದಿ ಜಿಂಕ್ಸ್’ ಪತ್ರಿಕೆಯಲ್ಲಿ. ಜಾದೂಗಾರರಿಗಾಗಿ ಒಬ್ಬ ಜಾದೂಗಾರನೇ ನಡೆಸುತ್ತಿದ್ದ ಪತ್ರಿಕೆ ಅದು. ಆತನೇ ಥಿಯೋಡರ್ ಆನೆಮನ್.

ಹೆಸರಿನಲ್ಲಿ ಆನೆ ಇದ್ದರೂ ಆಳು ತೀರಾ ಸಂಕೋಚದವನು. 1907ರ ಫೆಬ್ರವರಿ 22ರಂದು ನ್ಯೂಯಾರ್ಕ್ ರಾಜ್ಯದ ಈಸ್ಟ್ ವೇವರ್ಲಿಯಲ್ಲಿ ಹುಟ್ಟಿದ. ಮೊದಲು ರೈಲ್ವೆಯಲ್ಲಿ ಗುಮಾಸ್ತ, ಆಮೇಲೆ ಹಾಡುಗಾರ, ಆಮೇಲೆ ಜಾದೂಗಾರನ ಸಹಾಯಕ. ಕೊನೆಗೆ ಮೆಂಟಲಿಸಂ, ಅಂದರೆ ಮನಸ್ಸು ಓದುವ ಜಾದೂ, ಆತನನ್ನು ಹಿಡಿದುಕೊಂಡಿತು. ಸ್ಟೇಜ್ ಮೇಲೆ ಮುದುರಿಕೊಳ್ಳುವ ಸ್ವಭಾವ ಬೇರೆ ಜಾದೂಗಾರನಿಗೆ ಶಾಪ. ಮನಸ್ಸು ಓದುವವನಿಗೆ ಅದೇ ಒಂಥರಾ ಗಾಂಭೀರ್ಯ ಆಗಿಬಿಡುತ್ತದೆ. ಆನೆಮನ್ ಅದನ್ನೇ ಬಳಸಿಕೊಂಡ.

ಆತ ಕೊಟ್ಟ ಟ್ರಿಕ್‌ಗಳಲ್ಲಿ ನಮಗೆ ತುಂಬಾ ಹಿಡಿಸಿದ್ದು ಕವರಿನದು. ಐದು ಜನ ತಮ್ಮ ವಾಚು, ಉಂಗುರ, ಪೆನ್ನು ಹೀಗೆ ಒಂದೊಂದು ವಸ್ತುವನ್ನು ಕವರಿಗೆ ಹಾಕಿ ಅಂಟಿಸುತ್ತಾರೆ. ಕವರುಗಳನ್ನು ಇನ್ಯಾರೋ ಬೆರೆಸುತ್ತಾರೆ. ಜಾದೂಗಾರ ಒಂದೊಂದೇ ವಸ್ತು ಹೊರತೆಗೆದು, ಅಂಗೈಯಲ್ಲಿ ಹಿಡಿದು, ಅದರ ಒಡೆಯ ಎಂಥ ಸ್ವಭಾವದವನು ಅಂತ ಹೇಳುತ್ತಾ ಹೋಗಿ ಅವರಿಗೇ ತಲುಪಿಸುತ್ತಾನೆ. ಕವರುಗಳ ಮೇಲೆ ಕಂಡೂ ಕಾಣದ ಗುರುತು ಇರುತ್ತದೆ, ಅಷ್ಟೇ. ಗೊತ್ತಾದಾಗ ‘ಇಷ್ಟೇನಾ’ ಅನಿಸುತ್ತದೆ. ಆದರೆ ಜನ ಮನೆಗೆ ಹೋಗಿ ಹೇಳೋದು ಕವರಿನ ಬಗ್ಗೆ ಅಲ್ಲ, ತಮ್ಮ ಬಗ್ಗೆ ಆತ ಹೇಳಿದ ನಾಲ್ಕು ಮಾತಿನ ಬಗ್ಗೆ. ಆನೆಮನ್‌ನ ಕೆಲಸ ಬಹುಪಾಲು ಇದೇ ರೀತಿಯದು. ದೊಡ್ಡ ಪೆಟ್ಟಿಗೆ, ಕನ್ನಡಿ, ಯಂತ್ರ ಎಲ್ಲ ಕಿತ್ತುಹಾಕಿ ಕಾಗದ, ಪೆನ್ಸಿಲ್, ಇಸ್ಪೀಟು ಉಳಿಸಿಕೊಂಡ. ನಮ್ಮ ಮಿನಿ ಪ್ರಾಜೆಕ್ಟ್‌ಗಳಲ್ಲಿ ಮೂರು ಸೆನ್ಸರ್ ಹಾಕಿ ಮಾಡುವುದನ್ನು ಆತ ಪೆನ್ಸಿಲ್ ಚುಕ್ಕೆಯಲ್ಲಿ ಮುಗಿಸುತ್ತಿದ್ದ.

1934ರ ಅಕ್ಟೋಬರ್‌ನಲ್ಲಿ ಜಿಂಕ್ಸ್ ಶುರುವಾಯಿತು. ಆಗಿನ ದೊಡ್ಡ ಪತ್ರಿಕೆ ‘ದಿ ಸ್ಫಿಂಕ್ಸ್’. ಹೆಸರಲ್ಲೇ ಕೀಟಲೆ ನೋಡಿ. ಮೊದಲು ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೊಮ್ಮೆ ಬರುತ್ತಿತ್ತು. ‘ಎಡಿಟ್ರಿವಿಯಾ’ ಎಂಬ ಅಂಕಣದಲ್ಲಿ ಬೇರೆಯವರ ಶೋಗಳ ಬಗ್ಗೆ ಮುಲಾಜಿಲ್ಲದೆ ಬರೆಯುತ್ತಿದ್ದ. ಎದುರಿಗೆ ಮಾತಾಡಲು ಹಿಂಜರಿಯುವವರು ಬರವಣಿಗೆಯಲ್ಲಿ ಹುಲಿ ಆಗೋದು ನಮ್ಮ ಕ್ಲಬ್ಬಿನಲ್ಲೂ ಇದೆ ಬಿಡಿ.

ಇಂಥವನು ಬುಲೆಟ್ ಕ್ಯಾಚ್ ಯಾಕೆ ಹಿಡಿದನೋ! ಪ್ರೇಕ್ಷಕರು ಗುರುತು ಮಾಡಿದ ಗುಂಡನ್ನು ಬಂದೂಕಿಗೆ ತುಂಬಿ ಜಾದೂಗಾರನ ಕಡೆ ಹಾರಿಸುತ್ತಾರೆ, ಆತ ಅದನ್ನು ಬಾಯಿಂದ ತೆಗೆದು ತೋರಿಸುತ್ತಾನೆ. ಜಾದೂವೇ ಆದರೂ ಬಂದೂಕು ಬಂದೂಕೇ. 1918ರ ಮಾರ್ಚ್‌ನಲ್ಲಿ ಚುಂಗ್ ಲಿಂಗ್ ಸೂ ಎಂಬ ವೇಷದ ಹೆಸರಿನ ವಿಲಿಯಂ ರಾಬಿನ್ಸನ್ ಲಂಡನ್ನಿನ ಸ್ಟೇಜ್ ಮೇಲೆ ಇದೇ ಟ್ರಿಕ್ ಮಾಡುವಾಗ ನಿಜವಾಗಿ ಗುಂಡು ತಗುಲಿ ಬಿದ್ದಿದ್ದ, ಮರುದಿನ ತೀರಿಕೊಂಡ. ಆನೆಮನ್ ಅದನ್ನು ಬಯಲಿನಲ್ಲಿ ಮಾಡುತ್ತಿದ್ದ, ಅದರಿಂದಲೇ ಹೆಸರು ಮಾಡಿದ.

1942ರ ಜನವರಿಯಲ್ಲಿ ಮೊದಲ ಬಾರಿ ಅದನ್ನು ಒಳಾಂಗಣದಲ್ಲಿ, ಥಿಯೇಟರಿನಲ್ಲಿ ಮಾಡಬೇಕಿತ್ತು. ಆ ಶೋ ನಡೆಯಲಿಲ್ಲ. ಜನವರಿ 12ರಂದು ಆನೆಮನ್ ತನ್ನ ಜೀವ ತಾನೇ ತೆಗೆದುಕೊಂಡ. 35 ತುಂಬಲು ಇನ್ನೂ ಆರು ವಾರ ಇತ್ತು. ನಮಗಿಂತ ಹದಿನೈದು ವರ್ಷ ದೊಡ್ಡವನು, ಅಷ್ಟೇ. ಗುಂಡಿಗೆ ಹೆದರಿದ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುವುದು ಸುಲಭ. ನಾವು ಹಾಗೆ ಬರೆಯಲ್ಲ. ಸಾವಿರಾರು ಜನರಿಗೆ ಧೈರ್ಯವಾಗಿ ಸ್ಟೇಜ್ ಹತ್ತುವ ದಾರಿ ಹೇಳಿಕೊಟ್ಟವನ ಪಕ್ಕದಲ್ಲಿ ಆ ರಾತ್ರಿ ಯಾರಾದರೂ ಕೂತಿರಬೇಕಿತ್ತು ಅಂತ ಮಾತ್ರ ಅನಿಸುತ್ತದೆ.

ಜಿಂಕ್ಸ್ 151ನೇ ಸಂಚಿಕೆಗೆ ನಿಂತುಹೋಯಿತು. 1944ರಲ್ಲಿ ಜಾನ್ ಕ್ರಿಮಿನ್ಸ್ ಎಂಬವರು ಅದರಲ್ಲಿದ್ದ ಮೆಂಟಲಿಸಂ ಟ್ರಿಕ್‌ಗಳನ್ನು ಆರಿಸಿ ಆನೆಮನ್ ಹೆಸರಲ್ಲೇ ಪುಸ್ತಕ ಮಾಡಿದರು. ಇವತ್ತಿಗೂ ಸಿಗುತ್ತದೆ. ಕವರಿನ ಟ್ರಿಕ್ ಅದರಲ್ಲೇ ಇದೆ. ಮೊನ್ನೆ ಹಾಸ್ಟೆಲ್ಲಿನಲ್ಲಿ ಐದು ಕವರ್ ತಂದು ನಾವೂ ಮಾಡಿದೆವು. ಗುರುತು ಎಷ್ಟು ಸಣ್ಣದಾಗಿ ಹಾಕಿದ್ದೆವು ಅಂದರೆ ನಮಗೇ ಕಾಣಲಿಲ್ಲ. ಒಬ್ಬನ ವಾಚು ಇನ್ನೊಬ್ಬನ ಕೈ ಸೇರಿತು.