ಕಾರಿಡಾರಿನಲ್ಲಿ ಅಯಸ್ಕಾಂತ ಕಾಯಿಸಿದ ಪಿಯೇರ್ ಕ್ಯೂರಿ

ಕ್ಯೂರಿ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಮೇರಿ ಕ್ಯೂರಿ ಮತ್ತು ರೇಡಿಯಂ. ಆದರೆ ಎರಡು ಮಾರ್ಕಿಗೆ ನಾವು ಬರೆಯುವ ‘ಕ್ಯೂರಿ ತಾಪಮಾನ’ದ ಕ್ಯೂರಿ ಮೇರಿಯಲ್ಲ, ಅವರ ಪತಿ ಪಿಯೇರ್. ರೇಡಿಯಂಗೂ ಮುಂಚೆ ಅವರು ಹಿಡಿದಿದ್ದು ಅಯಸ್ಕಾಂತದ ಬೆನ್ನು. ಅದೂ ನಮ್ಮ ಕಾಲೇಜಿನಂಥದೇ ಒಂದು ತಾಂತ್ರಿಕ ಶಾಲೆಯಲ್ಲಿ.

ಪಿಯೇರ್ ಹುಟ್ಟಿದ್ದು 1859ರ ಮೇ 15ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಡಾಕ್ಟರು. ಒಂದೇ ವಿಷಯದಲ್ಲಿ ಮುಳುಗಿ ನಿಧಾನವಾಗಿ ಯೋಚಿಸುವ ಈ ಹುಡುಗನಿಗೆ ಶಾಲೆ ಒಗ್ಗಲ್ಲ ಅಂತ ಮನೆಯಲ್ಲೇ ಪಾಠವಾಯ್ತು. 18ಕ್ಕೆ ಡಿಗ್ರಿ ಮುಗೀತು. ಮುಂದೆ ಓದಲು ದುಡ್ಡಿರಲಿಲ್ಲ, ಸೋರ್ಬಾನ್‌ನಲ್ಲಿ ಲ್ಯಾಬ್ ಸಹಾಯಕರಾದರು. 1880ರಲ್ಲಿ ಅಣ್ಣ ಜಾಕ್ ಜೊತೆ ಸೇರಿ, ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತೆ ಅಂತ ತೋರಿಸಿದರು. ನಮ್ಮ ಮಿನಿ ಪ್ರಾಜೆಕ್ಟುಗಳ ಪೀಜೋ ಸೆನ್ಸರ್‌ಗಳ ಮೂಲ ಅದೇ.

1882ರಲ್ಲಿ ಪ್ಯಾರಿಸ್‌ನ ಕೈಗಾರಿಕಾ ಭೌತ ಮತ್ತು ರಸಾಯನ ಶಾಲೆ ಸೇರಿದರು. ಹುಡುಗರಿಗೆ ಲ್ಯಾಬ್ ಮಾಡಿಸೋದು ಕೆಲಸ. ಸಂಬಳ ಕಡಿಮೆ. ಸ್ವಂತ ಸಂಶೋಧನೆಗೆ ಅಂತ ಒಂದು ಕೋಣೆಯೂ ಇರಲಿಲ್ಲ. ಉಪಕರಣಗಳನ್ನು ಕಾರಿಡಾರಿನಲ್ಲೇ ಜೋಡಿಸಿಕೊಂಡರು.

ಅವರ ಪ್ರಶ್ನೆ ಸರಳ: ಕಾಯಿಸಿದರೆ ವಸ್ತುವಿನ ಅಯಸ್ಕಾಂತ ಗುಣ ಏನಾಗುತ್ತೆ? ಅಳೆಯೋದು ಮಾತ್ರ ಸುಲಭವಲ್ಲ. ಕಬ್ಬಿಣವನ್ನು ಆಯಸ್ಕಾಂತ ಜೋರಾಗಿ ಎಳೆಯುತ್ತೆ, ಸರಿ. ಆದರೆ ಆಕ್ಸಿಜನ್, ಪಲ್ಲಾಡಿಯಂ ಥರದವುಗಳ ಮೇಲೆ ಬೀಳುವ ಬಲ ಅತ್ಯಲ್ಪ. ಅದಕ್ಕೆ ಅವರು ಒಂದು ಸೂಕ್ಷ್ಮ ತಕ್ಕಡಿ ಮಾಡಿದರು. ಎಲ್ಲೆಡೆ ಒಂದೇ ಸಮ ಇರದ ಕಾಂತಕ್ಷೇತ್ರದಲ್ಲಿ ವಸ್ತುವನ್ನಿಟ್ಟು ಕುಲುಮೆಯಲ್ಲಿ ಕಾಯಿಸೋದು, ಅದರ ಮೇಲಿನ ಎಳೆತವನ್ನು ತಂತಿಯೊಂದು ಎಷ್ಟು ತಿರುಚಿಕೊಳ್ಳುತ್ತೆ ಅನ್ನೋದರಿಂದ ಅಳೆಯೋದು. ಹೀಗೆ ಸುಮಾರು 1400 ಡಿಗ್ರಿಯವರೆಗೂ ಹೋದರು.

ಫಲಿತಾಂಶ ಮೂರು. ಪ್ಯಾರಾಮ್ಯಾಗ್ನೆಟಿಕ್ ವಸ್ತುಗಳಲ್ಲಿ ಅಯಸ್ಕಾಂತ ಗುಣ ನಿರಪೇಕ್ಷ ತಾಪಮಾನಕ್ಕೆ ವಿಲೋಮವಾಗಿ ಇಳಿಯುತ್ತೆ. ಇದೇ ಕ್ಯೂರಿ ನಿಯಮ. ಡಯಾಮ್ಯಾಗ್ನೆಟಿಕ್ ವಸ್ತುಗಳಿಗೆ ಬಹುಮಟ್ಟಿಗೆ ಬಿಸಿಯ ಪರಿವೆಯೇ ಇಲ್ಲ. ಇನ್ನು ಕಬ್ಬಿಣದಂಥ ಫೆರೋಮ್ಯಾಗ್ನೆಟ್, ಒಂದು ತಾಪಮಾನ ದಾಟಿದರೆ ತನ್ನ ಬಲವಾದ ಗುಣ ಬಿಟ್ಟು ಪ್ಯಾರಾಮ್ಯಾಗ್ನೆಟ್ ಆಗಿಬಿಡುತ್ತೆ. ಕಬ್ಬಿಣಕ್ಕೆ ಅದು ಸುಮಾರು 770 ಡಿಗ್ರಿ ಸೆಲ್ಸಿಯಸ್. ಯಾಕೆ ಹೀಗೆ ಅಂತ ವಿವರಿಸಿದವರು ನಂತರ ಬಂದ ಲಾಂಜ್ವೆ ಮತ್ತು ವೈಸ್. ಲಾಂಜ್ವೆ ಅದೇ ಶಾಲೆಯಲ್ಲಿ ಓದಿದವರು.

ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ಡಾಕ್ಟರೇಟ್ ಬಂದಿದ್ದು 1895ರಲ್ಲಿ, ಆಗ ವಯಸ್ಸು 35. ಪದವಿಯ ಅವಸರವೇ ಅವರಿಗಿರಲಿಲ್ಲ. ಅದೇ ವರ್ಷ ಮೇರಿ ಜೊತೆ ಮದುವೆ. 1903ರಲ್ಲಿ ಮೇರಿ ಮತ್ತು ಬೆಕೆರೆಲ್ ಜೊತೆ ನೊಬೆಲ್ ಬಂತು. ಸರ್ಕಾರ ಪದಕ ಕೊಡ್ತೀವಿ ಅಂದಾಗ ಮಾತ್ರ ಬೇಡ ಅಂದರು. ತನಗೆ ಬೇಕಾಗಿರೋದು ಲ್ಯಾಬ್ ಅಂತ ತಿಳಿಸಿದರು. ಬಯಸಿದಂಥ ಲ್ಯಾಬ್ ಕೊನೆಗೂ ಸಿಗಲಿಲ್ಲ. 1906ರ ಏಪ್ರಿಲ್ 19ರಂದು, ಮಳೆಯಲ್ಲಿ ರಸ್ತೆ ದಾಟುವಾಗ ಕುದುರೆ ಗಾಡಿಗೆ ಸಿಕ್ಕಿ ತೀರಿಕೊಂಡರು. ಆಗಿನ್ನೂ 46 ವರ್ಷ.

ಆ ಕಾರಿಡಾರಿನ ಕೆಲಸ ಈಗ ಹಾರ್ಡ್ ಡಿಸ್ಕ್ ಒಳಗೂ ಇದೆ. ಡಿಸ್ಕ್ ಮೇಲಿನ ನ್ಯಾನೋಮೀಟರ್ ದಪ್ಪದ ಕಾಂತೀಯ ಪದರದಲ್ಲಿ ಬಿಟ್‌ಗಳು ಚಿಕ್ಕದಾದಷ್ಟೂ ಅವು ತಾವಾಗೇ ಅಳಿಸಿಹೋಗುವ ಭಯ. ಸುಲಭಕ್ಕೆ ಮಣಿಯದ ಕಬ್ಬಿಣ-ಪ್ಲಾಟಿನಂ ಪದರ ಹಾಕಿದರೆ ಬಿಟ್ ಉಳಿಯುತ್ತೆ, ಆದರೆ ಬರೆಯೋಕೆ ಆಗಲ್ಲ. ಹಾಗಾಗಿ ಹೊಸ ಡ್ರೈವ್‌ಗಳಲ್ಲಿ ಲೇಸರ್‌ನಿಂದ ಒಂದು ಚುಕ್ಕಿಯನ್ನಷ್ಟೇ ಕ್ಯೂರಿ ತಾಪಮಾನದ ಹತ್ತಿರಕ್ಕೆ ಕಾಯಿಸಿ, ಬರೆದು, ತಣಿಯಲು ಬಿಡುತ್ತಾರೆ.

ನಮ್ಮ ಲ್ಯಾಬಿನಲ್ಲಿ ಅದಿಲ್ಲ, ಇದಿಲ್ಲ ಅಂತ ನಾವು ಗೊಣಗೋದು ಇದ್ದದ್ದೇ. ಲ್ಯಾಬ್ ಬೇಕು, ಕೇಳಲೇಬೇಕು. ಪಿಯೇರ್ ಕೂಡ ಕೊನೆಯವರೆಗೂ ಕೇಳಿದರು. ಆದರೆ ಅದು ಬರೋವರೆಗೂ ತಕ್ಕಡಿ ಕಟ್ಟೋದನ್ನ ನಿಲ್ಲಿಸಿರಲಿಲ್ಲ.