ಸೇವಾದೀಕ್ಷಿತೆ ಉಮಾಬಾಯಿ ಕುಂದಾಪುರ

1892ರಲ್ಲಿ ಜನಿಸಿದ ಉಮಾಬಾಯಿಯವರಿಗೆ ತಾರುಣ್ಯದಲ್ಲಿಯೇ ವೈಧವ್ಯ ಪ್ರಾಪ್ತವಾಯಿತು. ಆದರೂ ಆ ಸಾಧ್ವಿ ಮನೆಯ ಮೂಲೆ ಹಿಡಿಯಲಿಲ್ಲ. ಮಾವನವರಾದ ಆನಂದರಾಯರ ಆಶ್ರಯಬಲದಿಂದ ಹುಬ್ಬಳ್ಳಿಯಲ್ಲಿ ತಿಲಕ ಕನ್ಯಾಶಾಲೆಯನ್ನು ನಡೆಸಿದರು. ಭಗಿನೀ ಮಂಡಳವನ್ನು ಕಟ್ಟಿದರು. ಡಾ. ನಾ. ಸು. ಹರ್ಡೀಕರರು ಸ್ಥಾಪಿಸಿದ ಹಿಂದೂಸ್ಥಾನಿ ಸೇವಾದಳದ ಮಹಿಳಾ ವಿಭಾಗಕ್ಕೆ ನಾಯಕಿಯಾದರು.

ಗೋಕಾಕ, ಮೂಡಲಗಿ, ಹುಕ್ಕೇರಿಗಳನ್ನು ಒಳಗೊಂಡ ನಮ್ಮ ಜಿಲ್ಲೆಯ ಬೆಳಗಾವಿಯಲ್ಲಿ 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನೆರೆಯಿತು. ಹೆಣ್ಣು ಹೊಸ್ತಿಲು ದಾಟಲು ಅಂಜುತ್ತಿದ್ದ ಆ ಕಾಲದಲ್ಲಿ ಅವರು 150ಕ್ಕೂ ಮಿಕ್ಕಿ ಸ್ವಯಂಸೇವಿಕೆಯರನ್ನು ಸಜ್ಜುಗೊಳಿಸಿದರು.

1932ರಲ್ಲಿ ಯರವಡಾ ಸೆರೆಮನೆವಾಸ. ಮರಳಿ ಬಂದಾಗ ಮುದ್ರಣಾಲಯ ಜಪ್ತಿಯಾಗಿತ್ತು, ಶಾಲೆಗೆ ಬೀಗ ಬಿದ್ದಿತ್ತು. ಅವರು ಎದೆಗುಂದಲಿಲ್ಲ. 1946ರಲ್ಲಿ ಕಸ್ತೂರಬಾ ನಿಧಿಯ ಕರ್ನಾಟಕ ಶಾಖೆಯ ಹೊಣೆ ಹೊತ್ತರು. ಸ್ವಾತಂತ್ರ್ಯಾನಂತರ ಅಧಿಕಾರವನ್ನು ಬಯಸದೆ ಬಾಳಿ 1992ರಲ್ಲಿ ಕೀರ್ತಿಶೇಷರಾದರು. ಮುಂದಾಳಾಗುವವಳು ಮೊದಲು ಸೇವಕಿಯಾಗಬೇಕೆಂಬುದೇ ಈ ಜೀವಿತದ ಸಾರ.